ಒಂದೇ ಸಲ ಹಚ್ಚುವ ಲೈಟು

ಹಾವಗೆಪ್ಪ ಕಾಕಾನ ಭಕ್ತಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅದು ಪ್ರತಿ ಸಲವೂ ಬಂದು ನನ್ನ ತಲೆಯ ಮೇಲೆಯೇ ಬೀಳುತ್ತದಲ್ಲ, ಸಿಟ್ಟು ಅದಕ್ಕೆ.

ನಾವಿಬ್ಬರೂ ಬೀದರಿನವರು, ಮನೆಗಳಿಗೆ ಜಿಪ್ಸಮ್ ಸೀಲಿಂಗ್ ಕೂರಿಸುವವರು. ಸ್ಟೂಲಿನ ಮೇಲೆ ನಿಂತು ಇಬ್ಬರೂ ಹಲಗೆ ಎತ್ತಿ ಹಿಡಿಯಬೇಕು. ಆಮೇಲೆ ನಾನು ಒಂದು ಕೈ ಬಿಡಿಸಿಕೊಂಡು ಸ್ಕ್ರೂ ಹೊಡೆಯಬೇಕು. ದೀಪ ಹತ್ತಿದ ಕೂಡಲೇ ಕೈ ಮುಗಿಯುವುದು ನಮ್ಮ ಕಡೆ ಮನೆಮನೆಯ ರೂಢಿ. ನಮ್ಮವ್ವ ಅಂಜನಾಬಾಯಿ ಟ್ಯೂಬ್‌ಲೈಟಿಗೂ ಕೈ ಮುಗಿಯುತ್ತಾಳೆ. ಅವಳ ಪಕ್ಕ ಕೂತಿದ್ದರೆ ನಾನೂ ಮುಗಿಯುತ್ತೇನೆ. ಆದರೆ ಆಗ ನಮ್ಮ ಕೈಯಲ್ಲಿ ಆರಡಿ ಹಲಗೆ ಇರುವುದಿಲ್ಲ.

ಭಾಲ್ಕಿಯಲ್ಲಿ ರುಕ್ಮಿಣಿಬಾಯಿಯವರ ಹೊಸ ಮನೆಗೆ ಇನ್ನೂ ಮೀಟರ್ ಬಂದಿರಲಿಲ್ಲ. ಪೇಂಟಿನವರು ಕಿಟಕಿಗಳಿಗೆಲ್ಲ ಪೇಪರ್ ಅಂಟಿಸಿ ಹೋಗಿದ್ದರಿಂದ ಒಳಗೆ ಹಗಲಲ್ಲೇ ಕತ್ತಲೆ. ನಮ್ಮ ಹಳೆಯ ಚಾರ್ಜಿಂಗ್ ಲೈಟು ಒಳಗೆಲ್ಲೋ ಲೂಸಾಗಿ, ಆರುವುದು, ಹತ್ತುವುದು, ಮತ್ತೆ ಆರುವುದು. ಹತ್ತಿದಾಗಲೆಲ್ಲ ಕಾಕಾ ಹಲಗೆ ಬಿಟ್ಟು ಕೈ ಮುಗಿಯುತ್ತಿದ್ದ. ಎರಡು ಹಲಗೆ ನನ್ನ ತಲೆಯ ಮೇಲೆ ಮುರಿದವು.

"ಇನ್ನೊಂದು ಹಲಗಿ ಮುರೀತಂದ್ರ ಕೆಲ್ಸ ಔರಾದದವರಿಗೆ ಕೊಡ್ತೇನಿ ನೋಡ್ರಿ," ಎಂದರು ರುಕ್ಮಿಣಿಬಾಯಿ. ನನ್ನ ತಲೆಯ ಬಗ್ಗೆ ಒಂದು ಮಾತೂ ಇಲ್ಲ.

ಆ ಮನೆ ಚೆನ್ನಾಗಿ ಮುಗಿದರೆ ಅವರ ತಮ್ಮಂದಿರ ಮನೆಗಳೂ ನಮಗೇ. ಕೆಟ್ಟರೆ ಭಾಲ್ಕಿಯೇ ನಮ್ಮ ಕೈಬಿಟ್ಟಂತೆ. ನನಗೆ ನಿಜಕ್ಕೂ ಹೆದರಿಕೆಯಾಯಿತು. "ಕಾಕಾ, ಲೈಟ್ ಬದಲಿ ಮಾಡೋಣು. ಅದಕ್ಕೂ ನೀ ಹಲಗಿ ಬಿಟ್ಟಿ ಅಂದ್ರ, ನಾ ಬ್ಯಾರೆಯವರ ಜೋಡಿ ಕೆಲ್ಸ ಮಾಡ್ತೇನಿ," ಅಂದೆ. ಕಾಕಾನ ಮುಖ ಸಣ್ಣದಾಯಿತು. ಅಂದ ಮೇಲೆ ನನಗೂ ಸಂಕಟವಾಯಿತು, ಆದರೆ ಆಡಿದ ಮಾತು ಆಡಿಯಾಗಿತ್ತು.

ಮರುದಿನ ಬೀದರ ಪೇಟೆಯಲ್ಲಿ ಸುಶೀಲಕುಮಾರನ ಅಂಗಡಿಗೆ ಹೋದೆವು. "ಸಸ್ತಾ ಇರ್ಬೇಕು, ಗಟ್ಟಿನೂ ಇರ್ಬೇಕ್ರಿ," ಅಂದೆ. ಅವನು ಒಂದೊಂದೇ ಲೈಟು ಹಚ್ಚಿ ತೋರಿಸಿದ. ಹಚ್ಚಿದ್ದಕ್ಕೆಲ್ಲ ಕಾಕಾ ಕೈ ಮುಗಿದ. ತನ್ನ ಮಾಲಿಗೆ ಇಷ್ಟು ಮರ್ಯಾದೆ ಕೊಟ್ಟ ಗಿರಾಕಿಯನ್ನು ಅಂಗಡಿಯವನು ಹಿಂದೆಂದೂ ಕಂಡಿರಲಿಲ್ಲ. ಹುರುಪಾಗಿ ಅಟ್ಟದ ಮೇಲಿನವನ್ನೂ ಇಳಿಸಿದ.

"ಇದು ಎಲ್ಲಾದಕ್ಕಿಂತ ಸಸ್ತಾರಿ. ಸೆನ್ಸಾರ್ ಅದ. ಮನಿಷ್ಯಾ ಅಲುಗಾಡಿದ್ರ ಹತ್ತತದ, ಸುಮ್ಮ ನಿಂತ್ರ ತಾನೇ ಆರ್ತದ. ಬ್ಯಾಟರಿ ಉಳೀತದ್ರಿ."

ಕಾಕಾ ಅಲುಗಾಡಿದ. ಲೈಟು ಹತ್ತಿತು. ಕೈ ಮುಗಿದು, ಕಣ್ಣು ಮುಚ್ಚಿ, ಕಲ್ಲಿನಂತೆ ನಿಂತ. ಆರಿತು. ಕಣ್ಣು ತೆರೆದು ಕೈ ಇಳಿಸಿದ. ಹತ್ತಿತು. ಮತ್ತೆ ಮುಗಿದ. ಇದು ಎಷ್ಟು ಹೊತ್ತು ನಡೆಯಿತೆಂದರೆ, ಪೇಟೆಗೆ ಬಂದಿದ್ದ ಅಷ್ಟೂರು ಹಳ್ಳಿಯ ಮುದುಕಿ ಸಖುಬಾಯಿ, ಇಲ್ಲಿ ಯಾವುದೋ ದೇವರು ಕಾಣಿಸಿಕೊಂಡಿದೆ ಎಂದುಕೊಂಡು ಲೈಟಿನ ಮುಂದೆ ಎರಡು ಬಾಳೆಹಣ್ಣು ಇಟ್ಟಳು. ಅವಳ ಹಿಂದೆ ನಾಲ್ಕು ಜನ ಚಪ್ಪಲಿ ಬಿಟ್ಟು ಸಾಲು ನಿಂತರು. ಅದನ್ನು ನೋಡಿ ಅಂಗಡಿಯವನೂ ಚಪ್ಪಲಿ ಬಿಟ್ಟ. ನಾನು ಕಾಕಾನ ರಟ್ಟೆ ಹಿಡಿದು ಪಕ್ಕಕ್ಕೆಳೆದೆ.

"ಜರಾ ನನ್ ಮಾತ್ ಕೇಳು ಗೋರಖ," ಎಂದ ಕಾಕಾ. "ಒಮ್ಮಿ ಹಚ್ಚಿದ್ರ ಕೆಲ್ಸ ಮುಗಿಯೋತನಕ ಆರಬಾರ್ದು, ಅಂಥಾದ್ದು ತಗೋ. ಒಂದೇ ಸಲ ಕೈ ಮುಗೀತೇನಿ."

ಮಾತು ಖರೆ ಇತ್ತು. ಸೆನ್ಸಾರ್ ಇಲ್ಲದ, ಮಿಣಮಿಣ ಎನ್ನದ ಒಂದು ಸಾದಾ ಲೈಟು ಕೊಂಡೆವು. "ಫುಲ್ ಚಾರ್ಜ್ ಅದ, ಎಂಟು ತಾಸು ಪಕ್ಕಾ," ಎಂದ ಸುಶೀಲಕುಮಾರ. ಕಾಕಾ ಅದನ್ನು ಅಲ್ಲೇ ಹಚ್ಚಿ, ಆ ದಿನದ ಕೈ ಅಲ್ಲೇ ಮುಗಿದ.

ಹೀಗೆ ಮಟಮಟ ಮಧ್ಯಾಹ್ನ ಉರಿಯುವ ಲೈಟು ಹಿಡಿದುಕೊಂಡು ಭಾಲ್ಕಿ ಬಸ್ಸು ಹತ್ತಿದೆವು. "ಹಗಲ ಹೊತ್ತಿನ್ಯಾಗ ದೀಪ ಯಾಕ್ರಿ?" ಎಂದ ಕಂಡಕ್ಟರ್. "ಆರಿಸಿದ್ರ ನನ್ ತಲಿ ಒಡೀತದ್ರಿ," ಅಂದೆ. ಯಾವುದೋ ಕಠಿಣ ಹರಕೆ ಇರಬೇಕೆಂದು ಅವನು ಮುಂದಿನ ಸೀಟಿನವರನ್ನು ಎಬ್ಬಿಸಿದ, ನಮಗಾಗಿ ಅಲ್ಲ, ಲೈಟಿಗಾಗಿ. ಅದು ಕಿಟಕಿ ಪಕ್ಕ ಕೂತು ಬಂತು, ನಾವು ನಿಂತು ಬಂದೆವು.

ಕೆಲಸ ಸರಾಗ ಸಾಗಿತು. ಒಂದು ಹಲಗೆಯೂ ಬೀಳಲಿಲ್ಲ. ಕೊನೆಯದನ್ನು ಎತ್ತಿ ಹಿಡಿದಿದ್ದೆವು, ಲೈಟು ಮಬ್ಬಾಯಿತು, ಆರಿಯೇ ಹೋಯಿತು. ಅಂಗಡಿಯವನ ಎಂಟು ತಾಸು ನಮಗೆ ಐದೇ ತಾಸಿಗೆ ಮುಗಿದಿತ್ತು. ಸ್ಕ್ರೂ ಎಲ್ಲಿ ಹೊಡೆಯಬೇಕೆಂದು ಕಾಣುತ್ತಿಲ್ಲ, ಹಲಗೆ ಇಳಿಸಲು ಕೆಳಗಿನ ಸ್ಟೂಲೂ ಕಾಣುತ್ತಿಲ್ಲ.

"ಯಾರೂ ದೀಪ ಹಚ್ಚಬ್ಯಾಡ್ರೀ!" ಎಂದು ಕೂಗಿದೆ.

ಆ ಕೂಗಿಗೇ ರುಕ್ಮಿಣಿಬಾಯಿ ಗಾಬರಿಯಾಗಿ ಓಡಿ ಬಂದರು. "ಅಯ್ಯ, ಕತ್ತಲದಾಗ ಹ್ಯಾಂಗ ಕೆಲ್ಸ ಮಾಡ್ತೀರಿ?" ಎನ್ನುತ್ತ ಮೊಬೈಲಿನ ಲೈಟು ಹಚ್ಚಿದರು.

ನಾನು ಕಣ್ಣು ಮುಚ್ಚಿ ಏಟಿಗೆ ಕಾದೆ. ಹಲಗೆ ಬೀಳಲಿಲ್ಲ.

ಕಣ್ಣು ತೆರೆದೆ. ಕಾಕಾ ಎರಡೂ ಕೈ ಅಗಲಿಸಿ, ಸಾಲದ್ದಕ್ಕೆ ತಲೆಯನ್ನೂ ಕೊಟ್ಟು, ಇಡೀ ಹಲಗೆಯನ್ನು ಒಬ್ಬನೇ ಹೊತ್ತು ನಿಂತಿದ್ದ. ಕುತ್ತಿಗೆಯ ನರ ಉಬ್ಬಿದ್ದವು, ಕಣ್ಣು ಮಾತ್ರ ದೀಪದ ಕಡೆಗೇ ಇತ್ತು. ಒಬ್ಬನೇ ಯಾಕೆ ಎಂದು ನನ್ನ ಕೈಗಳನ್ನು ಹುಡುಕಿದೆ. ಅವು ನನ್ನ ಎದೆಯ ಮುಂದೆ ಭದ್ರವಾಗಿ ಮುಗಿದುಕೊಂಡಿದ್ದವು.

"ಇಬ್ಬರ ಪಾಲಿನ ಕೈನೂ ನೀನೇ ಮುಗಿದಿ ಅಲ್ಲ," ಕಾಕಾ ಹಲ್ಲು ಕಚ್ಚಿ ಅಂದ, "ಈಗ ಸ್ಕ್ರೂ ಹೊಡಿ."