ಹೆಂಡತಿಯ ಎಂಟು ಕಿಲೋ

ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಇಪ್ಪತ್ತೆರಡು ವರ್ಷ ಕೂತವನಿಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಒಂದು ಚಕ್ರವನ್ನು ತೂಕದ ಹಲಗೆಯ ಅಂಚಿನಾಚೆ ನಿಲ್ಲಿಸಿ, ಏನೂ ಅರಿಯದವರಂತೆ ಹಲ್ಲು ಕಿರಿಯುವ ಚಾಲಕರನ್ನು ಅವನು ದಿನಾ ನೋಡುತ್ತಿದ್ದ. ತೂಕ ಕಮ್ಮಿ ಬಂದರೆ ಅಲ್ಲೇನೋ ಮಸಲತ್ತು ಇದ್ದೇ ಇರುತ್ತದೆ ಎಂಬುದು ಅವನ ಗಟ್ಟಿ ನಂಬಿಕೆ. ಹಾಗಾಗಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಂಡತಿ, “ಹತ್ತು ತಿಂಗಳಲ್ಲಿ ಎಂಟು ಕಿಲೋ ಇಳಿದಿದ್ದೀನಿ ರೀ,” ಎಂದಾಗ ಅವನ ಕಿವಿ ನೆಟ್ಟಗಾಯಿತು.

“ಯಾವ ಪುಡಿ ತಗೊಂಡೆ?”

“ಪುಡಿನೂ ಇಲ್ಲ, ಮಾತ್ರೆನೂ ಇಲ್ಲ. ತಟ್ಟೆಯಲ್ಲಿ ಅರ್ಧ ತರಕಾರಿ, ಎರಡನೇ ಸಲ ಬಡಿಸಿಕೊಳ್ಳಲ್ಲ. ಬೆಳಿಗ್ಗೆ ನಡೀತೀನಿ. ಅಷ್ಟೇ.”

ಆ ‘ಅಷ್ಟೇ’ ಅವನಿಗೆ ಗಂಟಲಲ್ಲಿ ಇಳಿಯಲಿಲ್ಲ.

ಮೊದಲು ಮನೆಯ ತೂಕದ ಯಂತ್ರದ ಮೇಲೆ ಅನುಮಾನ. ಮರುದಿನ ಕೆಲಸದ ಜಾಗದಿಂದ ಸರ್ಕಾರಿ ಮುದ್ರೆಯ ಇಪ್ಪತ್ತು ಕಿಲೋ ತೂಕದ ಬಟ್ಟನ್ನು ಸ್ಕೂಟರಿನಲ್ಲಿ ತಂದು, ಯಂತ್ರದ ಮೇಲಿಟ್ಟು ಬಗ್ಗಿ ನೋಡಿದ. ಸರಿಯಾಗಿ ಇಪ್ಪತ್ತು. ಆಮೇಲೆ, ಅವಳು ಸ್ನಾನಕ್ಕೆ ಹೋದಾಗ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೂಸಿದ, ಅವಳ ಕೈಚೀಲವನ್ನೂ ತಡಕಾಡಿದ. ಸಿಕ್ಕಿದ್ದು ಬಾಚಣಿಗೆ, ಕರವಸ್ತ್ರ, ಪೊಟ್ಟಣದಲ್ಲಿ ಒಂದು ಹಿಡಿ ಕಡಲೆಬೀಜ.

ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಹೀಗೇ ಕರಗುತ್ತಾ ಕರಗುತ್ತಾ ತೀರಿಕೊಂಡ ಚಿಕ್ಕಪ್ಪ ನೆನಪಾದ. ಇವಳು ಬೆಳಿಗ್ಗೆ ಹೋಗುವುದು ಆಸ್ಪತ್ರೆಗೇ ಇರಬೇಕು!

ಮರುದಿನ ಹಿಂದೆಯೇ ಹೊರಟ. ಅವಳು ಶಾಲೆಯ ಗೋಡೆ ಬಳಸಿ, ಗುಡ್ಡದ ನೀರಿನ ಟ್ಯಾಂಕಿನತ್ತ ಮೆಟ್ಟಿಲು ಹತ್ತತೊಡಗಿದಳು. ಮೂವತ್ತನೆಯ ಮೆಟ್ಟಿಲಿಗೇ ಇವನು ಏದುಸಿರು ಬಿಡುತ್ತಾ ಕುಸಿದು ಕೂತ. ಅವಳು ತುದಿ ಮುಟ್ಟಿ ಇಳಿದು ಬಂದವಳು ಎದುರೇ ನಿಂತಳು.

“ಯಾರನ್ನ ಹಿಡಿಯೋಕೆ ಬಂದ್ರಿ?”

ಬೆವರು ಒರೆಸಿಕೊಳ್ಳುತ್ತಾ ಚಿಕ್ಕಪ್ಪನ ವಿಷಯ ಹೇಳಿದ.

“ಡಾಕ್ಟರ್ ಎರಡು ಸಲ ರಕ್ತ ನೋಡಿದ್ದಾರೆ. ಏನೂ ಇಲ್ಲ. ಮಂಡಿನೋವೂ ಕಮ್ಮಿ.”

“ನಂಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೆ. ಮೊದಲನೇ ತಿಂಗಳು ಎಂಟುನೂರು ಗ್ರಾಂ ಇಳಿದೆ ಅಂದಾಗ, ‘ಲಾರಿ ಧೂಳು ಕೊಡವಿದ್ರೆ ಅಷ್ಟು ಹೋಗುತ್ತೆ’ ಅಂತ ನಕ್ಕಿರಿ. ಅವತ್ತಿಂದ ಹೇಳೋದು ಬಿಟ್ಟೆ.” ಮತ್ತೆ ಸೇರಿಸಿದಳು, “ಚೀಲ ಹುಡುಕಿದ್ದೂ ಗೊತ್ತು. ನನ್ನನ್ನೂ ಲಾರಿ ಅಂದ್ಕೊಂಡ್ರಾ?”

ಅವಳು ಉತ್ತರಕ್ಕೆ ಕಾಯದೆ ಮನೆಯತ್ತ ನಡೆದಳು.

ಎರಡು ದಿನ ಮನೆಯಲ್ಲಿ ಅಗತ್ಯವಿದ್ದಷ್ಟೇ ಮಾತು. ಅವಳ ಮುಖದಲ್ಲಿದ್ದುದು ಸಿಟ್ಟಲ್ಲ, ನೋವು. ಅದೇ ಅವನಿಗೆ ಹೆಚ್ಚು ಚುಚ್ಚಿತು. ಮೂರನೆಯ ಬೆಳಿಗ್ಗೆ ಅವಳಿಗಿಂತ ಮೊದಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತ.

“ಮತ್ತೆ ಪತ್ತೇದಾರಿಕೆನಾ?”

“ಇಲ್ಲ ಕಣೇ. ತಪ್ಪಾಯ್ತು. ಜೊತೆಗೆ ಬರ್ಲಾ?”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಈ ವಾರ ಮೆಟ್ಟಿಲು ಬೇಡ. ಶಾಲೆ ಗೋಡೆವರೆಗೆ ಸಾಕು. ಆತುರಪಟ್ರೆ ನಾಲ್ಕು ದಿನಕ್ಕೆ ಬಿಟ್ಟುಬಿಡ್ತೀರಿ.”

ಅವನು ಅವಳ ಹೆಜ್ಜೆಗೆ ಹೆಜ್ಜೆ ಹಾಕಿದ.