ಡ್ರಮ್ಮಿಗೆ ಹಚ್ಚಿದ ಮೀನೆಣ್ಣೆ

ಕೆಂಪಗೆ ಎಂತದೋ ಹೋಯಿತಲ್ಲ, ಕಿಟಕಿ ಸರಳಿನಾಚೆ, ಗೇರುಮರದ ಸಂದಿಯಲ್ಲಿ — ಅಲ್ಲ, ಸೀರೆ, ಯಾರದೋ ಬೇಲಿ ಮೇಲೆ ಒಣಗಲು ಹಾಕಿದ ಸೀರೆ, ಕಾರಲ್ಲ, ಕಾರಾದರೆ ಸುತ್ತ ಜನ ಸೇರಿರುತ್ತಿದ್ದರು, ಜನ ಯಾಕೆ ಸೇರಬೇಕು, ಬಿಡು, ಅಂಥದ್ದೆಲ್ಲ ಯೋಚನೆ ಮಾಡಬೇಡ ಗಂಗೆ. ಶಿರಾಲಿ ದಾಟಿತು, ಈ ಬಸ್ಸು ಯಾರು ಕೈ ತೋರಿಸಿದರೂ ನಿಲ್ಲುತ್ತದೆ, ಕೋಳಿ ಹಿಡಿದವಳಿಗೂ ನಿಲ್ಲುತ್ತದೆ, ಕೊಡೆ ಮರೆತು ಇಳಿದವನಿಗೂ ನಿಲ್ಲುತ್ತದೆ, ಒತ್ತಿದರೆ ನಿಲ್ಲುತ್ತದೆ ನೋಡು, ಇದರ ಗಾಲಿಯೊಳಗೆ ಯಾರ ಹೆಂಡತಿಯೂ ಮೀನೆಣ್ಣೆ ಹಚ್ಚಿಲ್ಲ. ನಾನು ಹಚ್ಚಿದೆ, ಈ ಕೈ, ಸೀಗೆ ಹಾಕಿ ತಿಕ್ಕಿದರೂ ವಾಸನೆ ಬಿಡದ ಇದೇ ಕೈ. ಆ ಕಾರಿನ ಗಾಲಿಯೊಳಗಿನ ಕಬ್ಬಿಣದ ಬೋಗುಣಿಗಳು, ಡ್ರಮ್ಮು ಅನ್ನುತ್ತಾರೆ ಇವರು, ಬಿಚ್ಚಿ ಜಗಲಿ ಮೇಲೆ ಇಟ್ಟಿದ್ದರು, ಒಳಗೆಲ್ಲ ತುಕ್ಕು, ಕಡಲ ಗಾಳಿಗೆ ತುಕ್ಕು ಹಿಡಿಯದೆ ಇನ್ನೆಂತ ಆಗುತ್ತದೆ, ತೆಂಗಿನಗುಂಡಿಯಲ್ಲಿ ಕತ್ತಿಗೆ ಎಣ್ಣೆ ಹಚ್ಚುತ್ತೇವೆ, ಬಾಗಿಲ ಚಿಲಕಕ್ಕೆ ಹಚ್ಚುತ್ತೇವೆ, ದೋಣಿಗಂತೂ ಬಾಣಂತಿ ಮೈಗೆ ತಿಕ್ಕಿದ ಹಾಗೆ ತಿಕ್ಕುತ್ತೇವೆ, ಎಣ್ಣೆ ಕಾಣದ ಕಬ್ಬಿಣ ನಮ್ಮ ಕೇರಿಯಲ್ಲಿ ಉಳಿದದ್ದು ಉಂಟಾ. ಇವರು ಪೇಟೆಗೆ ಹೋದಾಗ ಕೂತು, ಬೂದಿ ಹಾಕಿ ಉಜ್ಜಿ, ಚಿಂದಿ ಅದ್ದಿ ಹಚ್ಚಿದೆ, ಹೊರಗೂ ಒಳಗೂ, ಒಳಗೇ ಜಾಸ್ತಿ, ಅಲ್ಲೇ ತುಕ್ಕು ಜಾಸ್ತಿ ಇತ್ತು. ಬಿಸಿಲಿಗೆ ಒಣಗಿ ಮಿರಿಮಿರಿ ಮಿಂಚಿತು. ತುಕ್ಕೆಲ್ಲ ತೆಗೆದ್ಯಲ್ಲೇ ಅಂದರು ಇವರು ಬಂದವರು, ನಾನು ಬೀಗಿದೆ, ಎಣ್ಣೆ ಮಾತು ಎತ್ತಲಿಲ್ಲ, ಸಾರಿಗೆ ಉಪ್ಪು ಹಾಕಿದೆ ಅಂತ ಯಾರಾದರೂ ಹೇಳುತ್ತಾರಾ. ಇವರ ಮೂಗಿಗೂ ಗೊತ್ತಾಗಲಿಲ್ಲ, ಮನೆಯೇ ಆ ವಾಸನೆ.

ಅಕ್ಕಾ, ಎಲ್ಲಿಗೆ — ಕುಮಟೆಗೆ, ಕುಮಟೆಗೆ ಅಂದೆನಲ್ಲ, ಅಂದಿಲ್ಲವಾ, ಕಂಡಕ್ಟರು ಹರಿದ ಚೀಟಿ ಕೈಗೆ ತುರುಕಿ ಮುಂದೆ ಹೋದ. ಈರಣ್ಣ ಬಾರದೇ ಹೋಗಿದ್ದರೆ ನಾನು ಈಗ ಬಂಗುಡೆ ಹೆಚ್ಚುತ್ತಾ ಕೂತಿರುತ್ತಿದ್ದೆ, ಏನೂ ಗೊತ್ತಿಲ್ಲದೆ, ತಣ್ಣಗೆ. ನಮ್ಮ ಈರಣ್ಣ, ಒಡಹುಟ್ಟಿದವ, ಲಾರಿ ಓಡಿಸಿ ಓಡಿಸಿ ಸೊಂಟ ಬಿದ್ದವ, ಭಾವ ಮಾಡಿದ ಕಾರು ನೋಡಬೇಕು ಅಂತ ಬಂದ, ಬರುವಾಗ ಕಾರು ಹೋಗಿ ಆಗಿತ್ತು. ಹೋದರನಾ, ಛೆ, ಅಂದ, ಚಾ ಕೊಟ್ಟೆ, ಹೇಳದೇ ಇರಲಾಗಲಿಲ್ಲ, ನಾನೂ ಆ ಕಾರಿಗೆ ಕೈ ಹಾಕಿದ್ದೇನೆ ಈರಣ್ಣ, ಡ್ರಮ್ಮು ನೋಡಬೇಕಿತ್ತು ನೀನು, ಕನ್ನಡಿ, ಮೀನೆಣ್ಣೆ ಹಾಕಿ ಕನ್ನಡಿ ಮಾಡಿದ್ದೇನೆ, ಮುಖ ಕಾಣುತ್ತಿತ್ತು. ಲೋಟ ಕೆಳಗಿಟ್ಟ. ಒಳಮೈಗೂ ಹಚ್ಚಿದ್ಯಾ. ಹೌದು, ಒಳಮೈಗೇ. ಎಂತ ಮಾಡಿದ್ಯೇ ಗಂಗೆ, ಬ್ರೇಕು ಹಿಡಿಯೂದೇ ಆ ಒಳಮೈನ, ಅಲ್ಲಿ ಒರಟು ಇರಬೇಕು, ಎಣ್ಣೆ ತಾಗೂಕೇ ಬಾರ್ದು. ನಾನು ನಕ್ಕೆ, ನಿಜಕ್ಕೂ ನಕ್ಕೆ, ಬೆಳಿಗ್ಗೆ ಕೇರಿಯಲ್ಲೇ ಎರಡು ಸಲ ನಿಲ್ಲಿಸಿದರಲ್ಲ, ನಿಂತಿತಲ್ಲ. ನಿಲ್ತದೆ, ಒಣಗಿ ಅಂಟಾದ ಎಣ್ಣೆ, ನಿಧಾನ ಹೋದರೆ ಹಿಡಿದ ಹಾಗೇ ಕಾಣ್ತದೆ, ದೂರ ಓಡಿ ಕಾದ ಮೇಲೆ ಜೋರಲ್ಲಿ ಒತ್ತಿದ್ರೆ ಬೆಣ್ಣೆ. ಬೆಣ್ಣೆ ಅಂದ. ಪೋಸ್ಟಾಫೀಸಿಗೆ ಓಡಿದ, ಕಾರು ಹೋದ ಕಾಗಾಲದ ಅಂಗಡಿಗೆ ಟ್ರಂಕ್ ಕಾಲ್ ಹಾಕ್ತೆ, ಸಿಕ್ಕಿದರೆ ಸಿಕ್ಕಿತು, ನೀ ಬಸ್ಸು ಹತ್ತು, ಓಡಿಸೂದು ನಿಲ್ಸಿ ಅಂತ ಹೇಳು, ಮತ್ತೆಂತದ್ದೂ ಹೇಳಬೇಡ.

ಮುರ್ಡೇಶ್ವರ ಸ್ವಾಮಿ, ಬಸ್ಸಲ್ಲೇ ಕೈ ಮುಗಿಯುತ್ತೇನೆ, ಇಳಿಯಲು ಪುರುಸೊತ್ತಿಲ್ಲ, ಬೈಯಬೇಡ. ಎಲ್ಲ ಆ ಹರಿಹರ ಒಡೇರಿಂದ, ಅಲ್ಲ, ಅವರನ್ನು ಯಾಕೆ ಅನ್ನಲಿ, ಒಳ್ಳೆ ಜನ, ಜಗಲಿಯಲ್ಲಿ ಕೂತು ನಮ್ಮ ಲೋಟದಲ್ಲೇ ಚಾ ಕುಡಿದವರು. ಅವರ ಅಪ್ಪ ಬೊಂಬಾಯಿಯಿಂದ ತಂದ ಕಾರು, ಇಂಗ್ಲೆಂಡಿನದು, ಎರಡೇ ಜನಕ್ಕೆ ಕೂರುವಂಥದ್ದು, ತಲೆ ಮೇಲೆ ಸೂರಿಲ್ಲ, ಮೂತಿ ಉದ್ದ, ರೇಸಿಗೆ ಓಡುವ ಜಾತಿಯಂತೆ, ಇಂಜಿನು ಸತ್ತು ವರ್ಷಾನುಗಟ್ಟಲೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಒಡೇರ ದೋಸ್ತಿ ಒಬ್ಬರು ದುಬೈಯಿಂದ ಪೆಟ್ಟಿಗೆಯಲ್ಲಿ ಜಪಾನಿನ ಇಂಜಿನು ಕಳಿಸಿದರು, ಟರ್ಬೊ ಅಂತೆ, ಒಂದು ಬದಿಗೆ ಶಂಖದ ಹಾಗೆ ಸುರುಳಿ ಸುತ್ತಿದ ಕಬ್ಬಿಣ, ಹೊಗೆ ಆಚೆ ಹೋಗುವಾಗ ಅದನ್ನು ತಿರುಗಿಸಿ ಹೋಗುತ್ತದೆ, ಅದು ಗಾಳಿ ತುರುಕುತ್ತದೆ, ಸಿಳ್ಳೆ ಹಾಕುತ್ತದೆ. ಗ್ಯಾರೇಜಿನವರು ಯಾರೂ ಮುಟ್ಟಲಿಲ್ಲ, ಇದು ಅದರ ಹೊಟ್ಟೆಗೆ ಹಿಡಿಸೂದಿಲ್ಲ ಅಂದರು. ದೇವಪ್ಪ ಮಿಸ್ತ್ರಿ ಮಾಡ್ತ್ರು ಅಂತ ಯಾರು ಹೇಳಿದರೋ, ಊರಿಗೆಲ್ಲ ದೇವಪ್ಪ ಮಿಸ್ತ್ರಿ, ನನಗೆ ಇವರು, ಆ ಹೆಸರು ನನ್ನ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ. ದೋಣಿ ಇಂಜಿನು ಕೂರಿಸುವವರು ಇವರು, ಕಾರಿನ ಮೂತಿ ಕೊಯ್ದು, ದೋಣಿಗೆ ಹಾಕುವ ರಬ್ಬರು ಅಡಿಗೆ ಕೊಟ್ಟು, ಉದ್ದದ ಶಾಫ್ಟು ಕಡಿದು ಬೆಸೆದು, ಕೂರಿಸಿಯೇ ಬಿಟ್ಟರು. ಮೊದಲ ದಿನ ಓಡಿಸಿ ಬಂದು ಮುಖವೆಲ್ಲ ಬೆವರು, ಏ ಗಂಗೆ, ಮೊದಲು ಎಂತದೂ ಇಲ್ಲ, ಆಮೇಲೆ ಅಳಿವೆಯಲ್ಲಿ ಹಿಂದಿಂದ ತೆರೆ ಬಂದು ದೋಣಿ ಎತ್ತತದಲ್ಲ, ಹಾಂಗೇ. ನಿಲ್ಲುತ್ತದಾ ಅಂತ ನಾನೇ ಕೇಳಿದ್ದೆ. ದೋಣಿಗೆ ಬ್ರೇಕು ಎಲ್ಲುಂಟು, ನೀರೇ ಹಿಡೀತದೆ, ಅಂತ ನಕ್ಕಿದ್ದರು, ಇಂಜಿನಿಗೆ ತಿಂಗಳುಗಟ್ಟಲೆ, ಬ್ರೇಕಿಗೆ ಒಂದು ಮಧ್ಯಾಹ್ನ. ಇವತ್ತು ಬೆಳಿಗ್ಗೆ ನನ್ನನ್ನು ಕಾರಿನ ಹಿಂದೆ ನಿಲ್ಲಿಸಿದರು, ಒಳಗೆ ಕೂತು ಬ್ರೇಕಿಗೆ ಕಾಲು ಒತ್ತಿದರು, ಹೊತ್ತಿತಾ. ಹೊತ್ತಿತು ಅಂದೆ, ಎರಡು ಕೆಂಪು ದೀಪ, ದಾಸವಾಳದ ಮೊಗ್ಗಿನಷ್ಟು. ಬಿಟ್ಟು ಮತ್ತೆ ಒತ್ತಿದರು, ಹೊತ್ತಿತಾ, ಹೊತ್ತಿತು, ಆತು. ಆತು ಅಂದು ಹೊರಟೇಬಿಟ್ಟರು.

ಹೊನ್ನಾವರದ ಸೇತುವೆ, ಕೆಳಗೆ ಹೊಳೆ, ನೀರು ನೋಡಬಾರದು ಅಂದುಕೊಂಡೇ ನೋಡಿದೆ. ಭರತಿ ಏರುತ್ತಾ ಇದೆ, ಗೂಟದ ಹಸಿರು ಪಾಚಿ ಮುಳುಗಿದೆ, ಗೇರುಸೊಪ್ಪ ಕಡೆಗೆ ನೀರು ಹಿಂದಕ್ಕೆ ಹೋಗುತ್ತಿದೆ, ಅಂದರೆ ಕಾಗಾಲದಲ್ಲೂ ಏರುತ್ತಿದೆ, ಹೊತ್ತು ಇಲ್ಲ. ಒಡೇರ ಊರು ಕಾಗಾಲ, ಅಲ್ಲಿ ಗುಡ್ಡದಿಂದ ಹೊಳೆಯ ಧಕ್ಕೆಗೆ, ದೋಣಿ ಕಟ್ಟುವ ಕಲ್ಲುಕಟ್ಟೆಗೆ, ನೇರ ಇಳಿಜಾರು, ನಮ್ಮಪ್ಪ ಭರತಿ ತುಂಬಿದಾಗ ಮೇಲಿಂದ ಬುರ್ರಂತ ಬಂದು ಮುಂದಿನ ಗಾಲಿ ನೀರಿಗೆ ಮುತ್ತು ಕೊಡುವ ಹಾಗೆ ನಿಲ್ಲಿಸ್ತಿದ್ರು ದೇವಪ್ಪ, ಊರೇ ನೋಡ್ತಿತ್ತು, ನಾವೂ ಮಾಡಬೇಕು, ನೀನೇ ಓಡಿಸಬೇಕು, ನಾನು ಪಕ್ಕದಲ್ಲಿ ಕೂರ್ತೆ. ಜಗಲಿಯಲ್ಲಿ ಒಡೇರು ಹೇಳಿದ್ದರು, ನಾನು ಬಾಗಿಲಲ್ಲಿ ನಿಂತು ಕೇಳಿ ಖುಷಿಪಟ್ಟಿದ್ದೆ, ಮಂಗಳಾರತಿ ಎತ್ತಬೇಕು ನನ್ನ ಖುಷಿಗೆ. ಈರಣ್ಣನ ಕಾಲ್ ಸಿಕ್ಕಿರಬಹುದು, ಸಿಕ್ಕಿದರೂ ಅಂಗಡಿಯಲ್ಲಿ ಯಾರಿರುತ್ತಾರೆ, ಎಲ್ಲರೂ ಧಕ್ಕೆಯಲ್ಲೇ. ಹಳದೀಪುರದ ಹತ್ತಿರ ಜನ, ರಸ್ತೆ ಬದಿಗೆ ಗುಂಪು, ಬಗ್ಗಿ ಬಗ್ಗಿ ನೋಡುತ್ತಿದ್ದಾರೆ, ಎದ್ದೆ, ಪಕ್ಕದವಳ ಕಾಲು ತುಳಿದೆ, ಎಂತಾತೇ, ಕಣ್ಣು ಕಾಣೂದಿಲ್ವಾ — ಎತ್ತಿನ ಗಾಡಿ, ಚಕ್ರ ಕಳಚಿ ಒಡ್ಡು ಇಳಿದಿದೆ, ಎತ್ತು ಹುಲ್ಲು ಮೇಯುತ್ತಿದೆ. ಅಳು ಬಂತು, ಆ ಎತ್ತು ನೋಡಿ ಅಳು ಬಂತು ನನಗೆ. ದೇವರೇ, ಹಿಂಗೇ ಆಗಲಿ, ಗಾಲಿ ಕಳಚಿ ಒಡ್ಡಿಗೆ ಹೋಗಿ ನಿಲ್ಲಲಿ, ಕೈ ಮುರಿಯಲಿ, ಕಾಲು ಮುರಿಯಲಿ, ನಾನು ಮೀನು ಮಾರಿ ಕೂರಿಸಿ ಉಣಿಸುತ್ತೇನೆ, ನೀರಿಗೆ ಮಾತ್ರ ಬೇಡ. ಈಜು ಬರುತ್ತದೆ ಇವರಿಗೆ, ಮೀನಿನ ಹಾಗೆ ಬರುತ್ತದೆ, ಆದರೆ ಆ ಭಾರದ ಇಂಜಿನು ಮೂತಿಯಲ್ಲಿಟ್ಟುಕೊಂಡು ಕಾರು ಮೊದಲು ತಲೆ ಹಾಕುತ್ತದೆ, ಸೊಂಟಕ್ಕೆ ಪಟ್ಟಿ ಕಟ್ಟಿದ್ದಾರೆ, ಆ ಪಟ್ಟಿ ಹೊಲಿದು ಕೊಟ್ಟವಳೂ ನಾನೇ.

ಕುಮಟೆ ಬಂತು, ಇಳಿದೆ, ಬಾಡದ ಕಡೆಗೆ ಹೋಗುವ ಟೆಂಪೊ ಹಿಂದೆ ಮೀನಿನ ಬುಟ್ಟಿಗಳ ನಡುವೆ ಜಾಗ ಕೊಟ್ಟರು, ಎಲ್ಲಿಗೆ ಹೊಂಟ್ಯೇ, ಕಾಗಾಲಕ್ಕೆ, ಕಾರು ನೋಡೂಕಾ, ಎಲ್ಲ ಹೋಯ್ದ್ರು ನೋಡೂಕೆ. ಗುಡ್ಡದ ಮೇಲೆ ಕಾಗಾಲದ ತಿರುವಿನಲ್ಲಿ ಇಳಿಸಿದರು, ಓಡುತ್ತಿದ್ದೇನೆ, ಸೆರಗು ಎಲ್ಲಿ ಹೋಯಿತೋ, ಚಪ್ಪಲಿ ಒಂದೇ ಕಾಲಲ್ಲಿದೆ, ಅಲ್ಲಿ ಹೊಳೆ, ಬಿಸಿಲಿಗೆ ಬೆಳ್ಳಗೆ, ತುಂಬಿದೆ, ಧಕ್ಕೆಯ ಕಲ್ಲು ಕಾಣುವುದಿಲ್ಲ, ಎರಡೂ ಬದಿ ಜನ, ಮಕ್ಕಳನ್ನು ಹೆಗಲಿಗೆ ಹತ್ತಿಸಿಕೊಂಡಿದ್ದಾರೆ, ಕಾರು ಎಲ್ಲಿ, ಕಾರು ಇನ್ನೂ — ಸಿಳ್ಳೆ. ಆ ಶಂಖದ ಸಿಳ್ಳೆ, ನನ್ನ ಹಿಂದಿಂದ, ಬಂತು, ನಾನು ದಾರಿ ನಡುವೆ ಕೈ ಅಗಲಿಸಿದೆ, ಪಕ್ಕದಿಂದಲೇ ಹೋಯಿತು, ಗಾಳಿ ಬಡಿಯಿತು, ಇವರು ನನ್ನನ್ನು ನೋಡಿ ನಕ್ಕರು, ಹೆಂಡತಿ ನೋಡಲು ಬಂದಳು ಅಂತ ನಕ್ಕರು, ದೇವಪ್ಪಾ ಅಂತ ಕೂಗಿದೆ, ಹೆಸರು ಹಿಡಿದೇ ಕೂಗಿದೆ, ದೇವಪ್ಪಾ ನಿಲ್ಸು, ಜನ ಕೇಕೆ ಹಾಕುತ್ತಿದ್ದಾರೆ, ಯಾರಿಗೆ ಕೇಳುತ್ತದೆ. ಸಿಳ್ಳೆ ನಿಂತಿತು, ಇಂಜಿನು ಸಣ್ಣ ಮಾಡಿದರು, ಇನ್ನು ಒತ್ತುತ್ತಾರೆ, ಈಗ ಒತ್ತುತ್ತಾರೆ — ಹೊತ್ತಿತು. ಎರಡು ಕೆಂಪು ದೀಪ, ದಾಸವಾಳದ ಮೊಗ್ಗಿನಷ್ಟು, ಹೊತ್ತಿತು, ಕಾಲು ಒತ್ತಿದ್ದಾರೆ, ಪೂರ್ತಿ ಒತ್ತಿದ್ದಾರೆ, ಆರಿಲ್ಲ, ಆರುತ್ತಾ ಇಲ್ಲ, ಸಣ್ಣದಾಗುತ್ತಾ ಇದೆ, ಕೇಕೆ ನಿಂತಿತು, ಜನ ಬದಿಗೆ ಹಾರುತ್ತಿದ್ದಾರೆ, ಹೊತ್ತಿತಾ ಅಂತ ಕೇಳುತ್ತಿದ್ದಾರೆ ಇವರು, ಹೊತ್ತಿತು, ಮೂತಿ ನೀರಿಗೆ ಹೋಯಿತು, ಹೊತ್ತಿಯೇ ಇದೆ, ನೀರಿನ ಮೇಲೆ ಕೆಂಪಗೆ, ಹೊತ್ತಿತು