ಇರುವೆಗೊಂದು ಚಾಕು

"ಕೊಡ್ಲೋ ಬೇಡ್ವೋ, ಅಷ್ಟು ಹೇಳಿಬಿಡು," ಎಂದ ಅಪ್ಪ. ಮಡಚಿದ ಚಾಕು ಹೊಲಿಗೆ ಮೇಜಿನ ಮೇಲೆ, ಮಗಳು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ ಬಟ್ಟೆಯ ನಟ್ಟನಡುವೆ ಕೂತಿತ್ತು.

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುತ್ತಿದ್ದ ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದಳು. "ಯಾರಿಗೆ, ಇರುವೆಗಾ? ಅಪ್ಪಾ, ಅವಳಿಗಿನ್ನೂ ಎಂಟು ವರ್ಷ!"

"ನಿಂಗೆ ಕೊಟ್ಟಾಗ ನಿಂಗೆ ಏಳು."

ಅವಳು ಎಡಗೈ ಹೆಬ್ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು. ಉಗುರಿನ ಬುಡದಿಂದ ಬೆಳ್ಳನೆಯ ಗೆರೆಯೊಂದು ಓರೆಯಾಗಿ ಇಳಿದಿತ್ತು. "ಅದಕ್ಕೇ ಹೇಳ್ತಿರೋದು." ಒಂದೇ ವಾರಕ್ಕೆ ಆ ಚಾಕುವನ್ನು ಅಳುತ್ತ ವಾಪಸ್ಸು ಕೊಟ್ಟವಳು ಅವಳು. ಆಮೇಲೆ ಅವಳ ಕೈ ಕತ್ತರಿಗೆ ಒಗ್ಗಿಹೋಯಿತು.

ಅಪ್ಪ ನಕ್ಕ. ಬದುಕೆಲ್ಲ ಸಸ್ಯತೋಟವೊಂದರಲ್ಲಿ ಇದೇ ಚಾಕು ಹಿಡಿದು ಗಿಡಗಳಿಗೆ ಕಸಿ ಕಟ್ಟಿದವನು. ಕೆಲಸ ಬಿಟ್ಟ ಮೇಲೂ ಬೆಳಗಾದರೆ ಸಾಕು, ಕಾಲು ಅತ್ತ ಎಳೆಯುತ್ತಿತ್ತು. ಶಾಲೆಗೆ ರಜೆ ಇದ್ದರೆ ಮೊಮ್ಮಗಳು ಅವನ ಬೆನ್ನಿಗೆ. ಕೂತಲ್ಲಿ ಕೂರದೆ ಏನಾದರೊಂದನ್ನು ಅಲ್ಲಿಂದಿಲ್ಲಿಗೆ ಹೊರುವ ಆ ಹುಡುಗಿಗೆ ಇರುವೆ ಎಂದು ಹೆಸರಿಟ್ಟವನೂ ಅವನೇ.

"ವಯಸ್ಸು ನೋಡಿ ಕೊಡೋಕೆ ಅದೇನು ಚಪ್ಪಲಿಯೇನೇ? ಚಾಕು ಬಿಚ್ಚೋಕೆ ಎಲ್ರಿಗೂ ಬರತ್ತೆ. ಯಾವಾಗ ಮಡಚಬೇಕು ಅಂತ ಗೊತ್ತಾದೋರಿಗೆ ಕೊಡ್ಬೇಕು. ಅವಳಿಗೆ ಗೊತ್ತಾಗಿದೆ."

"ಈಗೇನಪ್ಪಾ ಅಂಥ ಅವಸರ?"

ಅವನು ಕಿಟಕಿಯ ಕಡೆ ನೋಡಿದ. "ಅವಸರ ಇದೆ ಕಣೆ."

ವಯಸ್ಸಾದವರೆಲ್ಲ ಆಡುವ ಸಾವಿನ ಮಾತು ಅದು ಎಂದುಕೊಂಡು ಅವಳು ಬಟ್ಟೆಯ ಮೇಲೆ ಬಗ್ಗಿದಳು. "ಗುಂಡುಕಲ್ಲಿನ ಹಾಗಿದ್ದೀಯ, ನಿಂಗೇನು ಧಾಡಿ? ಬರೋ ವರ್ಷ ನೋಡೋಣ."

ಅಪ್ಪ ವಾದ ಮಾಡಲಿಲ್ಲ. ಚಾಕು ಜೇಬಿಗಿಳಿಸಿ ಎದ್ದು ಹೋದ. ಬಾಗಿಲ ಬಳಿ, ಎಡಕ್ಕೋ ಬಲಕ್ಕೋ ಎನ್ನುವಂತೆ ಒಂದು ಗಳಿಗೆ ನಿಂತ. ಮುನಿಸಿಕೊಂಡಿದ್ದಾನೆ ಎಂದು ಅವಳು ಮನಸ್ಸಿನಲ್ಲೇ ನಕ್ಕಳು.

ಆ ವರ್ಷ ಅಪ್ಪ ಚಹಾಕ್ಕೆ ಉಪ್ಪು ಹಾಕಿದ. ಅಂಗಿಯ ಗುಂಡಿಗಳನ್ನು ಒಂದು ಕಾಜಾ ತಪ್ಪಿಸಿ ಹಾಕಿಕೊಂಡು ಬೀದಿಗೆ ಹೋಗಿಬಂದ. "ಅರವತ್ತಕ್ಕೆ ಅರಳು ಮರಳು ಅಂತಾರೆ. ನಮ್ಮ ಮಾವ ಹತ್ತು ವರ್ಷ ತಡ," ಎಂದು ತಮಾಷೆ ಮಾಡಿದ, ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಮನೆ ಕಾಣುತ್ತಿದ್ದ ಗಂಡ. ಅವಳೂ ನಕ್ಕಳು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಒಂದು ಸಂಜೆ ಸಸ್ಯತೋಟದ ಯಜಮಾನ ಅವನನ್ನು ಕೈಹಿಡಿದು ಮನೆಗೆ ಕರೆತಂದ. ಎರಡು ತಿರುವಿನ ದಾರಿಯಲ್ಲಿ ಅಪ್ಪ ಕಳೆದುಹೋಗಿದ್ದ. ಅವನು ಒಳಗೆ ಹೋದ ಮೇಲೆ ಯಜಮಾನ ಮೆಟ್ಟಿಲ ಮೇಲೆಯೇ ನಿಂತು ದನಿ ತಗ್ಗಿಸಿದ.

"ಹೋದ ವರ್ಷಾನೇ ಅವರಿಗೆ ಗೊತ್ತಾಗಿತ್ತಮ್ಮ. ಕೊಂಬೆ ಕೈಲಿ ಹಿಡ್ಕೊಂಡು, ಮುಂದೇನು ಅಂತ ಹೊಳೀದೆ ನಿಂತುಬಿಡೋರು. 'ಪೂರಾ ಹೋಗೋದ್ರೊಳಗೆ ಮಗೂಗೆ ಕಲಿಸಿಬಿಡ್ಬೇಕು' ಅಂದಿದ್ರು. ಮನೇಲಿ ಹೇಳ್ಲಿಲ್ವಾ?"

"ಹೇಳಿದ್ರು," ಎಂದಳು ಅವಳು.

ಯಜಮಾನನನ್ನು ಕಳಿಸಿ ಬಂದು ಹೊಲಿಗೆ ಯಂತ್ರದ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲು ಎಷ್ಟು ಹೊತ್ತು ಹೆಣಗಿದರೂ ಆಗಲಿಲ್ಲ. ಭಾನುವಾರ ಅಪ್ಪನನ್ನೂ ಮಗಳನ್ನೂ ಹಿತ್ತಲಲ್ಲಿ ಕೂರಿಸಿ, ಅವನ ಕೈಯಿಂದಲೇ ಅವಳಿಗೆ ಚಾಕು ಕೊಡಿಸುತ್ತೇನೆ ಎಂದು ತೀರ್ಮಾನಿಸಿದಳು.

ಭಾನುವಾರ ಬೆಳಿಗ್ಗೆ ಬಚ್ಚಲಿನಲ್ಲಿ ಅಪ್ಪ ಸ್ಟೂಲಿನ ಮೇಲೆ ಕೂತಿದ್ದ. ಒಂದು ಕೈಯಲ್ಲಿ ಹಳದಿ ಸಾಬೂನು, ಇನ್ನೊಂದರಲ್ಲಿ ಬಿಚ್ಚಿದ ಚಾಕು. ಬಲು ನಾಜೂಕಾಗಿ, ಉದ್ದುದ್ದಕ್ಕೆ ಅದರ ಸಿಪ್ಪೆ ಸುಲಿಯುತ್ತಿದ್ದ. ಅಂಗೈ ಸೀಳಿ ರಕ್ತ ಮೊಣಕೈವರೆಗೆ ಇಳಿದಿತ್ತು.

"ಇನ್ನೂ ಕಾಯಿ, ಹಣ್ಣಾಗಿಲ್ಲ," ಎಂದ ಅವನು, ಅವಳನ್ನು ನೋಡಿ.

"ಅಪ್ಪಾ, ಕೊಡಪ್ಪಾ ಇಲ್ಲಿ." ಅವಳು ಕೈಚಾಚಿದ್ದೇ ತಡ, ಅವನು ಚಾಕು ಸಮೇತ ಗೋಡೆಗೆ ಒತ್ತಿಕೊಂಡ.

"ಯಾರು ನೀನು? ಕೆಲಸದ ಸಾಮಾನು ಕದಿಯೋಕೆ ಬಂದ್ಯಾ?"

ಅವಳಿಗೆ ಹೆಜ್ಜೆ ಮುಂದಿಡಲೂ ಆಗಲಿಲ್ಲ, ಹಿಂದಿಡಲೂ ಆಗಲಿಲ್ಲ. ಅಷ್ಟರಲ್ಲಿ ಅವಳ ಸೊಂಟದ ಪಕ್ಕದಿಂದ ಇರುವೆ ನುಸುಳಿ ಬಂದಳು. ಅಜ್ಜನಿಂದ ಎರಡು ಮೊಳ ದೂರದಲ್ಲೇ ಕುಕ್ಕರಗಾಲಲ್ಲಿ ಕೂತು, ಬರಿ ಅಂಗೈ ಮುಂದೆ ಹಿಡಿದಳು.

"ಅಜ್ಜಾ, ಮಡಚಿ ಕೊಡು. ಬಿಚ್ಚಿರೋ ಚಾಕು ಕೈಯಿಂದ ಕೈಗೆ ಹೋಗ್ಬಾರ್ದು."

ಮುದುಕ ಅವಳನ್ನು ನೋಡಿದ. ಗುರುತು ಹಿಡಿದಂತೆ ಕಾಣಲಿಲ್ಲ. ಆದರೆ ಅವನ ಹೆಬ್ಬೆರಳು ತಾನಾಗಿಯೇ ಅಲಗಿನ ಬೆನ್ನಿಗೆ ಹೋಯಿತು. ಅಲಗು ಒಳಸೇರಿ ಟಕ್ಕೆಂದಿತು. "ಜೋಪಾನ ಮಗೂ, ಹರಿತ ಇದೆ," ಎಂದು ಅವಳ ಅಂಗೈಯಲ್ಲಿಟ್ಟ.

ಇರುವೆ ಅದನ್ನು ತಂದು ತಾಯಿಯ ಕೈಗೆ ಕೊಟ್ಟಳು. "ಬಟ್ಟೆ ತಗೊಂಬಾ ಅಮ್ಮಾ. ರಕ್ತ ನಿಲ್ತಿಲ್ಲ."

ಗಾಯ ಒಣಗುವವರೆಗೆ ಚಾಕು ಟೈಲರಮ್ಮನ ಮೇಜಿನ ಖಾನೆಯಲ್ಲಿತ್ತು. ಅಪ್ಪ ಒಮ್ಮೆಯೂ ಅದನ್ನು ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ, ಕಿತ್ತಾಡಿದ್ದರೆ ಚೆನ್ನಾಗಿತ್ತು ಎನ್ನಿಸುತ್ತಿತ್ತು ಅವಳಿಗೆ. ಕೊನೆಗೊಂದು ಮಧ್ಯಾಹ್ನ ಮಗಳನ್ನು ಕರೆದು ಕೊಟ್ಟಳು. "ತಗೋ. ಇದು ಇನ್ನು ನಿಂದೇ."

ಕುಣಿದಾಡುತ್ತಾಳೆ ಎಂದುಕೊಂಡಿದ್ದಳು. ಇರುವೆ ಚಾಕುವನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದಳು. "ಅಜ್ಜಂಗೆ?"

"ಅಜ್ಜಂಗೆ ಇನ್ನು ಬೇಡ ಪುಟ್ಟಾ."

"ಮತ್ತೆ ಕಸಿ ಕಟ್ಟೋದು ಯಾರು ಹೇಳಿಕೊಡ್ತಾರೆ? ನಿಂಗೆ ಬರತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಲಿಸುವವನು ಇಷ್ಟು ವರ್ಷ ಅದೇ ಮನೆಯಲ್ಲಿದ್ದ; ಅವಳು ಒಮ್ಮೆಯೂ ಕೇಳಿರಲಿಲ್ಲ.

ಮೂವರೂ ಹಿತ್ತಲಿಗೆ ಹೋದರು. ಅಪ್ಪನನ್ನು ಬಿಸಿಲಿಗೆ ಕೂರಿಸಿ, ನಿಂಬೆಗಿಡದ ಎರಡು ಕುಂಡಗಳನ್ನು ಅವನ ಮುಂದಕ್ಕೆಳೆದರು. ಇರುವೆ ಒಂದರಿಂದ ಎಳೆ ಕಡ್ಡಿ ಕತ್ತರಿಸಿಕೊಂಡು, ನೋಡಿ ನೆನಪಿದ್ದಷ್ಟನ್ನು ಮಾಡಲು ಹೊರಟಳು. ಮೊದಲ ಸೀಳು ತೀರಾ ಆಳಕ್ಕೆ ಹೋಯಿತು. ಇನ್ನೊಂದು ಕಡ್ಡಿ ತೆಗೆದುಕೊಂಡಳು.

"ಹೀಗೇನಾ ಅಜ್ಜಾ? ಓರೆ ಜಾಸ್ತಿ ಆಯ್ತಾ?"

ಟೈಲರಮ್ಮ ಅಪ್ಪನ ಮುಖ ನೋಡಿದಳು.

"ತುಂಬಾ ಚೆನ್ನಾಗಿದೆ," ಎಂದ ಅವನು, ಯಾರದೋ ಮನೆಗೆ ಬಂದ ನೆಂಟ ಯಾರದೋ ಮಗುವಿಗೆ ಹೇಳುವ ಹಾಗೆ. ಆಮೇಲೆ ಟೈಲರಮ್ಮನತ್ತ ತಿರುಗಿ, "ನಾವಿನ್ನು ಹೊರಡೋಣ್ವಾ? ಮನೇಲಿ ಕಾಯ್ತಿರ್ತಾರೆ."

"ಇನ್ನೊಂಚೂರು ಹೊತ್ತು ಅಜ್ಜಾ," ಎಂದಳು ಇರುವೆ, ಕಣ್ಣೆತ್ತದೆ. "ಅಮ್ಮಾ, ಗಿಡ ಅಲ್ಲಾಡ್ತಿದೆ. ಗಟ್ಟಿಯಾಗಿ ಹಿಡ್ಕೋ."

ಅವಳು ಮಣ್ಣಿನಲ್ಲಿ ಮಂಡಿಯೂರಿ ಕಾಂಡವನ್ನು ಎರಡೂ ಕೈಯಲ್ಲಿ ಹಿಡಿದಳು. ಮಗಳ ಚಾಕು ಅವಳ ಬೆರಳುಗಳ ಪಕ್ಕದಲ್ಲೇ ಇಳಿಯತೊಡಗಿತು. ಹಸಿರು ತೊಗಟೆಯ ಸುರುಳಿಯೊಂದು ಹಾರಿ ಮುದುಕನ ತೊಡೆಯ ಮೇಲೆ ಬಿತ್ತು. ಅವನು ಅದನ್ನು ಎತ್ತಿ ಮೂಸಿದ. ಅಂಗಿಯ ಜೇಬಿಗೆ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಹೊರತೆಗೆದು, ಕಣ್ಣು ಮುಚ್ಚಿ ಮೂಸಿದ.